ಬಿಸಿಲ್ಗುದುರೆಗೆ ಎಷ್ಟು ಉದ್ದದ ಲೆನ್ಸ್ ಬೇಕು?

2023ರ ಫೆಬ್ರುವರಿ, ಯಲಹಂಕ ವಾಯುನೆಲೆ, ಏರೋ ಇಂಡಿಯಾ. ಬಾಡಿಗೆಗೆ ತಂದ 150-600 ಎಂ.ಎಂ. ಲೆನ್ಸ್ ಹಿಡಿದು ನಿಂತಿದ್ದೆ. ಮಧ್ಯಾಹ್ನ ಎರಡರ ಸುಮಾರಿಗೆ ಸುಖೋಯ್-30 ರನ್‌ವೇ ಮೇಲೆ ಓಡಿ ಬಂತು. ಪೂರ್ತಿ 600ಕ್ಕೆ ಎಳೆದು ನಲವತ್ತು ಫೋಟೊ ಹೊಡೆದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಭರ್ಜರಿಯಾಗಿಯೇ ಕಂಡವು. ರಾತ್ರಿ ಮನೆಯಲ್ಲಿ ಲ್ಯಾಪ್‌ಟಾಪ್‌ಗೆ ಹಾಕಿ ದೊಡ್ಡದು ಮಾಡಿ ನೋಡಿದರೆ, ಬಾಲದ ಮೇಲಿನ ಅಂಕಿಗಳು ನೀರಿಗೆ ಬಿದ್ದ ನಾಣ್ಯದ ಹಾಗೆ ಸೊಟ್ಟ. ಒಂದು ಫೋಟೊದಲ್ಲಿ ರೆಕ್ಕೆಯ ಅಂಚು ಗರಗಸದಂತೆ ಇತ್ತು, ಸೆಕೆಂಡಿನ ಹತ್ತರಲ್ಲೊಂದು ಭಾಗ ಆದಮೇಲೆ ತೆಗೆದ ಮುಂದಿನದರಲ್ಲಿ ಬೇರೆಯೇ ಥರ ಸೊಟ್ಟ. ಲೆನ್ಸ್ ಕೊಟ್ಟವನನ್ನು ಮನಸಾರೆ ಬೈದೆ. ಆಮೇಲೆ ಅದೇ ಲೆನ್ಸಿನಲ್ಲಿ ಬೆಳಿಗ್ಗೆ ತೆಗೆದ ತೇಜಸ್ ಫೋಟೊ ತೆರೆದೆ. ಪೈಲಟ್‌ನ ಹೆಲ್ಮೆಟ್ ಮೇಲಿನ ಹೊಳಪು ಕೂಡ ಕಾಣುತ್ತಿತ್ತು. ಬೈದದ್ದನ್ನು ವಾಪಸ್ ತಗೊಂಡೆ.

ಏರೋ ಇಂಡಿಯಾ 1996ರಿಂದ ಎರಡು ವರ್ಷಕ್ಕೊಮ್ಮೆ ನಡೆಯುತ್ತಿದೆ. ಅದು ಹತ್ತಿರ ಬಂದಾಗಲೆಲ್ಲ ಗೆಳೆಯರಿಂದ ಒಂದೇ ಪ್ರಶ್ನೆ: 400 ಸಾಕಾ, 600 ಬೇಕಾ? "ಬೆಳಿಗ್ಗೆ ತೆಗೀತೀಯಾ, ಮಧ್ಯಾಹ್ನ ತೆಗೀತೀಯಾ?" ಅಂತ ನಾನು ಕೇಳಿದರೆ ಸಿಟ್ಟಾಗುತ್ತಾರೆ. ಸುಮ್ನೆ ಕಾಲೆಳೆಯಲು ಕೇಳುವುದಲ್ಲ ಅದು.

ಮೊದಲು ಲೆಕ್ಕ ಮುಗಿಸೋಣ. ಹೈಸ್ಕೂಲಿನ ಸಮರೂಪ ತ್ರಿಭುಜ ಅಷ್ಟೇ. ವಿಮಾನದ ಉದ್ದವನ್ನು ಅದು ಇರುವ ದೂರದಿಂದ ಭಾಗಿಸಿ, ಲೆನ್ಸಿನ ಮೇಲೆ 400, 600 ಅಂತ ಬರೆದಿರುವ ಫೋಕಲ್ ಲೆಂಗ್ತ್‌ನಿಂದ ಗುಣಿಸಿದರೆ ಸೆನ್ಸರ್ ಮೇಲೆ (ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಬಿಲ್ಲೆ) ಬೀಳುವ ಚಿತ್ರದ ಉದ್ದ ಸಿಗುತ್ತದೆ. ತೇಜಸ್ 13.2 ಮೀಟರ್ ಉದ್ದ. ಅದು 500 ಮೀಟರ್ ದೂರದಲ್ಲಿ ಅಡ್ಡಲಾಗಿ ಹೋಗುತ್ತಿದೆ ಅಂದುಕೊಳ್ಳಿ. 400 ಎಂ.ಎಂ. ಲೆನ್ಸಿನಲ್ಲಿ ಚಿತ್ರ ಹತ್ತೂವರೆ ಮಿಲಿಮೀಟರ್. ಫುಲ್ ಫ್ರೇಮ್ ಸೆನ್ಸರ್ 36 ಮಿ.ಮೀ. ಅಗಲ ಇರುತ್ತದೆ, ಹಾಗಾಗಿ ಫ್ರೇಮಿನ ಮೂರರಲ್ಲೊಂದು ಭಾಗಕ್ಕೂ ಸ್ವಲ್ಪ ಕಡಿಮೆ. 600ರಲ್ಲಿ ಸುಮಾರು 16 ಮಿ.ಮೀ., ಅರ್ಧಕ್ಕೆ ಹತ್ತಿರ. ಸುಖೋಯ್ ದೊಡ್ಡದು, 22 ಮೀಟರ್. ಅದಾದರೆ 400ರಲ್ಲೇ ಅರ್ಧ ಫ್ರೇಮ್ ತುಂಬುತ್ತದೆ.

ನಮ್ಮಲ್ಲಿ ಎಷ್ಟೋ ಜನರ ಕೈಲಿರುವುದು ಕ್ರಾಪ್ ಸೆನ್ಸರ್ ಕ್ಯಾಮೆರಾ, 23 ಮಿ.ಮೀ. ಆಸುಪಾಸಿನ ಅಗಲ. ಅದರಲ್ಲಿ 400ಕ್ಕೇ ತೇಜಸ್ ಹತ್ತಿರ ಹತ್ತಿರ ಅರ್ಧ ಫ್ರೇಮ್. "ಕ್ರಾಪ್ ಕ್ಯಾಮೆರಾದಲ್ಲಿ 400 ಹಾಕಿದ್ರೆ 600 ಆಗುತ್ತೆ ಸಾರ್" ಅಂತ ಅಂಗಡಿಯಲ್ಲಿ ಹೇಳುವುದು ಇದನ್ನೇ. ಲೆನ್ಸೇನೂ ಬೆಳೆಯುವುದಿಲ್ಲ, ಪಟದ ಸುತ್ತ ಕತ್ತರಿ ಆಡಿಸಿದ ಹಾಗೆ ಅಷ್ಟೆ. ಆದರೆ ಆ ಚಿಕ್ಕ ಜಾಗದಲ್ಲೇ 24 ಮೆಗಾಪಿಕ್ಸೆಲ್ ತುರುಕಿದ್ದರೆ ವಿಮಾನದ ಪಾಲಿಗೆ ಬರುವ ಪಿಕ್ಸೆಲ್ ಜಾಸ್ತಿ. ಆ ಲಾಭ ನಿಜ.

ಇಷ್ಟಕ್ಕೂ ವಿಮಾನ ಅಷ್ಟು ದೂರ ಯಾಕೆ ಹಾರಬೇಕು? ಹತ್ತಿರ ಬಂದರೆ ಮೊಬೈಲಲ್ಲೇ ತೆಗೆಯಬಹುದಿತ್ತು, ಅಲ್ವಾ? 1952ರಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋ ಪ್ರದರ್ಶನದಲ್ಲಿ ಡಿಎಚ್ 110 ಎಂಬ ವಿಮಾನ ಆಕಾಶದಲ್ಲೇ ಒಡೆಯಿತು. ಅದರ ತುಂಡುಗಳು ಜನರ ಮೇಲೆ ಬಿದ್ದವು. ವಿಮಾನದಲ್ಲಿದ್ದ ಇಬ್ಬರೂ ಸೇರಿ 31 ಮಂದಿ ಸತ್ತರು. 1988ರಲ್ಲಿ ಜರ್ಮನಿಯ ರಾಮ್‌ಸ್ಟೈನ್‌ನಲ್ಲಿ ಇಟಲಿ ತಂಡದ ವಿಮಾನಗಳು ಡಿಕ್ಕಿಯಾಗಿ 70 ಜನ ಹೋದರು. 2019ರಲ್ಲಿ ನಮ್ಮ ಯಲಹಂಕದಲ್ಲೇ, ಶೋ ಶುರುವಾಗುವ ಹಿಂದಿನ ದಿನದ ಅಭ್ಯಾಸದಲ್ಲಿ, ಸೂರ್ಯಕಿರಣ ತಂಡದ ಎರಡು ವಿಮಾನ ಡಿಕ್ಕಿಯಾಗಿ ಒಬ್ಬ ಪೈಲಟ್ ತೀರಿಕೊಂಡರು. ವಿಮಾನಕ್ಕೂ ಜನಕ್ಕೂ ನಡುವೆ ಇಷ್ಟು ಜಾಗ ಖಾಲಿ ಇರಲೇಬೇಕು, ಕಸರತ್ತು ಮಾಡುವಾಗ ಜನರ ಕಡೆಗೆ ಮೂತಿ ತಿರುಗಿಸಬಾರದು ಅನ್ನುವ ನಿಯಮಗಳು ಇಂಥ ಸಾವುಗಳಿಂದ ಬಿಗಿಯಾದವು. ಲೆನ್ಸಿಗೆ ಸುರಿಯುವ ದುಡ್ಡಿನಲ್ಲಿ ಒಂದು ಪಾಲು ಆ ಖಾಲಿ ಜಾಗದ ಬಾಡಿಗೆ ಅಂತ ನನಗನಿಸುತ್ತದೆ. ಗೊಣಗದೆ ಕೊಡುತ್ತೇನೆ.

ಸರಿ, ದೂರ ಇದೆ, 600 ಅಥವಾ 800 ತಗೊಂಡುಬಿಡೋಣ ಅಂದರೆ ಮೊದಲ ಪೆಟ್ಟು ಬೀಳುವುದು ಇಲ್ಲಿ: ವಿಮಾನವೇ ಕೈಗೆ ಸಿಗುವುದಿಲ್ಲ. ಫುಲ್ ಫ್ರೇಮ್‌ನಲ್ಲಿ 600 ಎಂ.ಎಂ.ಗೆ ಕಾಣುವುದು ಆಕಾಶದ ಬರೀ 3.4 ಡಿಗ್ರಿ. ಕೈ ಪೂರ್ತಿ ಚಾಚಿ ಎರಡು ಬೆರಳು ಜೋಡಿಸಿ ಹಿಡಿಯಿರಿ, ಆ ಬೆರಳುಗಳ ಹಿಂದೆ ಎಷ್ಟು ಆಕಾಶ ಮರೆಯಾಗುತ್ತದೋ ಹೆಚ್ಚುಕಡಿಮೆ ಅಷ್ಟು. 500 ಮೀಟರ್ ದೂರದಲ್ಲಿ ಗಂಟೆಗೆ 600 ಕಿ.ಮೀ. ವೇಗದಲ್ಲಿ ಹೋಗುವ ಜೆಟ್ ಸೆಕೆಂಡಿಗೆ 19 ಡಿಗ್ರಿ ಸರಿಯುತ್ತದೆ. ಕ್ಯಾಮೆರಾ ಕದಲಿಸದೆ ಹಿಡಿದರೆ ಆ ಎರಡು ಬೆರಳಿನ ಕಿಂಡಿಯನ್ನು ಸೆಕೆಂಡಿನ ಐದರಲ್ಲೊಂದು ಭಾಗದಲ್ಲಿ ದಾಟಿ ಹೋಯಿತು. ಕಣ್ಣು ಮಿಟುಕಿಸಲು ಹಿಡಿಯುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು.

ಅವತ್ತು ನನ್ನ ಪಕ್ಕ ಒಬ್ಬರು 800ರ ಪ್ರೈಮ್ ಲೆನ್ಸ್ ಹಿಡಿದಿದ್ದರು. ಪ್ರೈಮ್ ಅಂದರೆ ಜೂಮ್ ಇಲ್ಲ, 800 ಅಂದರೆ 800. ಸದ್ದು ಕೇಳಿದ ತಕ್ಷಣ ಲೆನ್ಸನ್ನು ಆ ಕಡೆ ತಿರುಗಿಸುತ್ತಿದ್ದರು, ಅಲ್ಲಿ ನೀಲಿ ಆಕಾಶ ಬಿಟ್ಟು ಏನೂ ಇರುತ್ತಿರಲಿಲ್ಲ. ಇರುವುದಾದರೂ ಹೇಗೆ? 500 ಮೀಟರ್ ದಾಟಿ ಬರಲು ಸದ್ದಿಗೆ ಸುಮಾರು ಒಂದೂವರೆ ಸೆಕೆಂಡ್ ಬೇಕು. ಅಷ್ಟರಲ್ಲಿ ವಿಮಾನ 250 ಮೀಟರ್ ಮುಂದೆ ಹೋಗಿರುತ್ತದೆ. 600 ಎಂ.ಎಂ. ಲೆಕ್ಕದಲ್ಲೇ ಅದು ಏಳೆಂಟು ಫ್ರೇಮ್ ಆಚೆ. ಕಿವಿ ನಂಬಿದವನಿಗೆ ಜೆಟ್ ಸಿಗಲ್ಲ.

ಜೂಮ್ ಇದ್ದರೆ ಕೆಲಸ ಸುಲಭ. ಎರಡೂ ಕಣ್ಣು ತೆರೆದಿಟ್ಟುಕೊಂಡು 150ರಲ್ಲಿ ವಿಮಾನ ಹಿಡಿಯುವುದು, ಫೋಕಸ್ ಕೂತಮೇಲೆ ಅದರ ಜೊತೆಜೊತೆಗೇ ತಿರುಗುತ್ತಾ 500ಕ್ಕೋ 600ಕ್ಕೋ ಎಳೆಯುವುದು. ಇದಕ್ಕೆ ಜೂಮ್ ರಿಂಗು ಸಲೀಸಾಗಿ ತಿರುಗಬೇಕು. ಕೆಲವು ಲೆನ್ಸುಗಳಲ್ಲಿ ಕಾಲು ಸುತ್ತು ಸಾಕು, ಕೆಲವಕ್ಕೆ ಹಿಡಿತ ಬದಲಿಸಿ ಎರಡು ಸಲ ತಿರುಗಿಸಬೇಕು, ಆ ಎರಡನೇ ತಿರುವಿನಲ್ಲಿ ವಿಮಾನ ಕೈಬಿಟ್ಟು ಹೋಗುತ್ತದೆ. ಅಂಗಡಿಯಲ್ಲಿ ನಾನು ಮೊದಲು ನೋಡುವುದು ಈ ರಿಂಗನ್ನೇ. ಶಾರ್ಪ್‌ನೆಸ್ಸಿನ ಮಾತು ಆಮೇಲೆ.

ಜೂಮ್ ಬೇಕು ಅನ್ನಲು ಇನ್ನೊಂದು ಕಾರಣ ಸೂರ್ಯಕಿರಣವೇ. ಬೀದರ್ ವಾಯುನೆಲೆಯ ಈ ತಂಡ ಒಂಬತ್ತು ಹಾಕ್ ವಿಮಾನಗಳಲ್ಲಿ ಹಾರುತ್ತದೆ. ಒಂದರ ರೆಕ್ಕೆಯ ಹರವೇ ಹತ್ತಿರ ಹತ್ತಿರ 10 ಮೀಟರ್. ಒಂಬತ್ತೂ ಸೇರಿ 60 ಮೀಟರ್ ಅಗಲ ಅಂದುಕೊಂಡರೆ, 500 ಮೀಟರ್ ದೂರದಲ್ಲಿ 400 ಎಂ.ಎಂ. ಲೆನ್ಸಿಗೆ ಚಿತ್ರ 48 ಮಿ.ಮೀ. ಆಗುತ್ತದೆ. ಸೆನ್ಸರ್ ಇರುವುದೇ 36! 200ಕ್ಕೆ ಇಳಿಯಬೇಕು, ಹಿಂದಿನ ಬಣ್ಣದ ಹೊಗೆಯೂ ಬೇಕು ಅಂದರೆ 100ಕ್ಕೆ. ಎರಡು ನಿಮಿಷ ಬಿಟ್ಟು ಅದೇ ತಂಡ ಒಡೆದು, ಒಂಟಿ ವಿಮಾನವೊಂದು ದೂರದಲ್ಲಿ ಮಗುಚಿಕೊಂಡು ಹೋಗುವಾಗ ಮತ್ತೆ 500 ಬೇಕು. ಧೂಳಿನಲ್ಲಿ ನಿಂತು ಲೆನ್ಸ್ ಬದಲಿಸುವ ಆಟ ನನಗಂತೂ ಬೇಡ.

ದೊಡ್ಡ 600 ಎಫ್ 4 ಲೆನ್ಸುಗಳ ಬಗ್ಗೆ ಆಸೆ ಇಲ್ಲ ಅಂದರೆ ಸುಳ್ಳಾಗುತ್ತದೆ. 600ನ್ನು 4ರಿಂದ ಭಾಗಿಸಿದರೆ 150, ಅಂದರೆ ಬೆಳಕು ಒಳಗೆ ಬರುವ ಬಾಯಿಯೇ 15 ಸೆಂಟಿಮೀಟರ್, ಒಂದು ತಿಂಡಿ ತಟ್ಟೆಯಷ್ಟು. ತೂಕ ಮೂರು ಕೆ.ಜಿ. ಆಸುಪಾಸು, ಬೆಲೆ ಹತ್ತು ಲಕ್ಷಕ್ಕೂ ಮೇಲೆ. ಅಷ್ಟು ಕೊಟ್ಟರೆ ಸಿಗುವುದು ಎರಡು: ಜಾಸ್ತಿ ಬೆಳಕು, ಮಸುಕಾದ ಹಿನ್ನೆಲೆ. ಕಬಿನಿಯಲ್ಲಿ ಮುಂಜಾನೆ ಮಬ್ಬಿನಲ್ಲಿ ಚಿರತೆ ತೆಗೆಯುವವರಿಗೆ ಅದು ಚಿನ್ನ. ಏರ್ ಶೋನಲ್ಲಿ ಹಿನ್ನೆಲೆ ಅಂದರೆ ಆಕಾಶ, ಅದನ್ನು ಇನ್ನೇನು ಮಸುಕು ಮಾಡುತ್ತೀರಿ? ಬೆಳಕಂತೂ ಫೆಬ್ರುವರಿಯಲ್ಲಿ ಬೇಡ ಅಂದರೂ ಸುರಿಯುತ್ತದೆ. 500 ಮೀಟರ್‌ಗೆ ಫೋಕಸ್ ಮಾಡಿದರೆ 600 ಎಂ.ಎಂ. ಎಫ್ 6.3ರಲ್ಲೂ 400 ಮೀಟರ್‌ನಿಂದ 680 ಮೀಟರ್‌ವರೆಗೆ ಎಲ್ಲವೂ ಹೆಚ್ಚುಕಡಿಮೆ ಚೊಕ್ಕವಾಗಿಯೇ ಬರುತ್ತದೆ. ವಿಮಾನದ ಮೂಗಿನಿಂದ ಬಾಲದವರೆಗೆ ಅದರಲ್ಲಿ ಆರಾಮಾಗಿ ಹಿಡಿಸುತ್ತದೆ. ಹಾಗಾಗಿ ಲಕ್ಷದ ಆಸುಪಾಸಿನ, ಎರಡು ಕೆ.ಜಿ.ಯ 150-600 ಇಲ್ಲಿ ಏನೂ ಕಡಿಮೆ ಅಲ್ಲ. ಕ್ಯಾಮೆರಾಗೂ ಲೆನ್ಸಿಗೂ ನಡುವೆ 1.4ರ ಕನ್ವರ್ಟರ್ (ಚಿತ್ರವನ್ನು 1.4 ಪಟ್ಟು ಹಿಗ್ಗಿಸುವ ಗಾಜು) ಸಿಕ್ಕಿಸಿ 400ನ್ನು 560 ಮಾಡಬಹುದು, ಆದರೆ ಬೆಳಕು ಅರ್ಧಕ್ಕೆ ಇಳಿಯುತ್ತದೆ, ಹಳೆಯ ಕ್ಯಾಮೆರಾಗಳಲ್ಲಿ ಫೋಕಸ್ ತಡಕಾಡುತ್ತದೆ.

ಈಗ ಆ ಸೊಟ್ಟ ಅಂಕಿಗಳ ವಿಷಯ. ಲೆನ್ಸಿನೊಳಗೆ ಹದಿನೈದು ಇಪ್ಪತ್ತು ಗಾಜು ಇರುತ್ತವೆ. ಅವುಗಳ ಮುಂದೆ ಇನ್ನೊಂದು ಇದೆ, ಅರ್ಧ ಕಿಲೋಮೀಟರ್ ದಪ್ಪದ್ದು. ಗಾಳಿ. ಗಾಳಿಯೂ ಬೆಳಕನ್ನು ಬಾಗಿಸುತ್ತದೆ. ಅದರ ವಕ್ರೀಭವನ ಸೂಚ್ಯಂಕ ಸುಮಾರು 1.0003. ಒಂದು ಡಿಗ್ರಿ ಬಿಸಿಯಾದರೆ ಅದು ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ಇಳಿಯುತ್ತದೆ. ಅದೇನು ಮಹಾ ಅಂತೀರಾ? 4 ಮೈಕ್ರಾನ್ ಪಿಕ್ಸೆಲ್ ಇರುವ ಕ್ಯಾಮೆರಾಗೆ 600 ಎಂ.ಎಂ. ಲೆನ್ಸ್ ಹಾಕಿದರೆ, 500 ಮೀಟರ್ ಆಚೆ ಒಂದು ಪಿಕ್ಸೆಲ್ ನೋಡುವುದು ಮೂರು ಮಿಲಿಮೀಟರ್ ಚಿಲ್ಲರೆ. ಒಂದು ಕೊತ್ತಂಬರಿ ಕಾಳಿನಷ್ಟು. ಅಷ್ಟು ದೂರದಿಂದ ಬರುವ ಕಿರಣ ಒಂದು ಕಾಳಿನಷ್ಟು ಆಚೀಚೆ ಸರಿದರೂ ಬೇರೆ ಪಿಕ್ಸೆಲ್ ಮೇಲೆ ಬೀಳುತ್ತದೆ. ಮಧ್ಯಾಹ್ನದ ರನ್‌ವೇ ಮೇಲೆ ಅದು ಎಷ್ಟೋ ಕಾಳು ಸರಿಯುತ್ತದೆ. ನೆಲ ಕಾದು, ಬಿಸಿ ಗಾಳಿ ಗುಳ್ಳೆಗುಳ್ಳೆಯಾಗಿ ಏಳುತ್ತಾ, ತಣ್ಣಗಿರುವುದು ಆ ಜಾಗಕ್ಕೆ ನುಗ್ಗುತ್ತಾ ಇರುತ್ತದಲ್ಲ, ಅದರ ಒಂದೊಂದು ಗುಳ್ಳೆಯೂ ಒಂದೊಂದು ಕೆಟ್ಟ ಲೆನ್ಸು. ಕಾದ ದೋಸೆ ಹೆಂಚಿನ ಮೇಲ್ಗಡೆಯಿಂದ ಆಚೆ ಗೋಡೆಯ ಕ್ಯಾಲೆಂಡರ್ ನೋಡಿ, ತಾರೀಕುಗಳು ಕುಣಿಯುತ್ತವೆ. ಹೆದ್ದಾರಿಯಲ್ಲಿ ದೂರಕ್ಕೆ ನೀರು ನಿಂತ ಹಾಗೆ ಕಾಣುವ ಬಿಸಿಲ್ಗುದುರೆ ಹುಟ್ಟುವುದೂ ಇದೇ ಬಿಸಿ ಗಾಳಿಯಿಂದ.

ಉದ್ದದ ಲೆನ್ಸ್ ವಿಮಾನದ ಜೊತೆ ಈ ಕುಣಿತವನ್ನೂ ದೊಡ್ಡದು ಮಾಡಿ ಕೊಡುತ್ತದೆ. ಸ್ಟೆಬಿಲೈಸೇಶನ್ ಇದೆಯಲ್ಲ ಅಂತೀರಿ. ಅದು ಕೈ ನಡುಗಿ ಇಡೀ ಚಿತ್ರ ಒಟ್ಟಿಗೆ ಅಲುಗಿದರೆ ಮಾತ್ರ ಹಿಡಿದು ನಿಲ್ಲಿಸುತ್ತದೆ. ಗಾಳಿ ಮೂಗನ್ನು ಒಂದು ಕಡೆ, ಬಾಲವನ್ನು ಇನ್ನೊಂದು ಕಡೆ ಎಳೆಯುತ್ತದೆ. ಶಟರ್ ತೆರೆದಿರುವ ಹೊತ್ತನ್ನು ಸೆಕೆಂಡಿನ 2000ದಲ್ಲೊಂದು ಭಾಗಕ್ಕೆ ಇಳಿಸಿದರೂ ಸೊಟ್ಟಗಿರುವುದು ಸೊಟ್ಟಗೇ ನಿಲ್ಲುತ್ತದೆ. ನನ್ನ ನಲವತ್ತು ಫೋಟೊ ನಲವತ್ತು ಥರ ಸೊಟ್ಟ ಆದದ್ದು ಹಾಗೆ. ಮೂರು ಲಕ್ಷ ಜಾಸ್ತಿ ಕೊಟ್ಟಿದ್ದರೂ ಅಷ್ಟೇ ಸೊಟ್ಟ ಬರುತ್ತಿದ್ದವು.

ಪಾರಾಗಲು ಇರುವುದು ಹೊತ್ತು ಮತ್ತು ಕೋನ. ಓಡುವ ವಿಮಾನದಿಂದ ಬರುವ ಬೆಳಕು ಕಾದ ನೆಲಕ್ಕೆ ಅಂಟಿಕೊಂಡೇ ಅರ್ಧ ಕಿಲೋಮೀಟರ್ ಬರಬೇಕು. ತಲೆಯ ಮೇಲ್ಗಡೆ ಹಾರುವುದರ ಬೆಳಕು ಆ ಬಿಸಿ ಪದರವನ್ನು ಸ್ವಲ್ಪ ದೂರ ಮಾತ್ರ ದಾಟುತ್ತದೆ. ಹಾಗಾಗಿ ಟೇಕಾಫ್, ಲ್ಯಾಂಡಿಂಗ್ ಎಲ್ಲ ಬೆಳಗಿನ ಪ್ರದರ್ಶನದಲ್ಲೇ ಮುಗಿಸುತ್ತೇನೆ. ಮಧ್ಯಾಹ್ನ ಮೇಲೆ ಇರುವುದಕ್ಕೆ ಮಾತ್ರ ಗುರಿ. ಆಫ್ಟರ್‌ಬರ್ನರ್ (ಹೊರಬರುವ ಬಿಸಿ ಗಾಳಿಯಲ್ಲಿ ಇನ್ನಷ್ಟು ಇಂಧನ ಉರಿಸುವ ವ್ಯವಸ್ಥೆ) ಹಾಕಿದ ಎಂಜಿನ್ನಿನ ಹಿಂದೆ ಗಾಳಿ ಕದಡುವುದಿದೆಯಲ್ಲ, ಅದು ಬೇರೆ, ಅದು ಫೋಟೊಗೆ ಚಂದ. ಇನ್ನೊಂದು ಸಣ್ಣ ವಿಷಯ: ಏಸಿ ಕಾರಿನಿಂದ ಇಳಿಸಿದ ಲೆನ್ಸನ್ನು ಹತ್ತಿಪ್ಪತ್ತು ನಿಮಿಷ ನೆರಳಲ್ಲಿ ಹಾಗೇ ಬಿಡಿ. ಲೆನ್ಸಿನ ಮುಂದಿನ ಕೊಳವೆಯಂಥ ಹುಡ್ ಒಳಗಿನ ತಣ್ಣನೆ ಗಾಳಿ ಹೊರಗಿನದರ ಜೊತೆ ಬೆರೆಯುತ್ತಾ ಲೆನ್ಸಿನ ಬಾಯಲ್ಲೇ ಇದೇ ಕಾಟ ಕೊಡುತ್ತದೆ.

ಹೆಲಿಕಾಪ್ಟರ್‌ಗೆ ಉದ್ದದ ಚಿಂತೆ ಬೇಡ, ಶಟರ್ ನೋಡಿಕೊಳ್ಳಿ. ರೆಕ್ಕೆ ನಿಮಿಷಕ್ಕೆ 300 ಸುತ್ತು ಅಂದುಕೊಂಡರೆ, ಸೆಕೆಂಡಿನ 1000ದಲ್ಲೊಂದು ಭಾಗದಲ್ಲಿ ಅದು ತಿರುಗುವುದು ಎರಡು ಡಿಗ್ರಿಗೂ ಕಡಿಮೆ. ಫೋಟೊದಲ್ಲಿ ಕೆಟ್ಟು ನಿಂತ ಫ್ಯಾನಿನ ಹಾಗೆ ಕಾಣುತ್ತದೆ. ಸೆಕೆಂಡಿನ 125ರಲ್ಲೊಂದು ಭಾಗಕ್ಕೆ ನಿಧಾನ ಮಾಡಿದರೆ 14 ಡಿಗ್ರಿ, ಆಗ ಜೀವ ಬರುತ್ತದೆ. ಆದರೆ ಅಷ್ಟು ನಿಧಾನ ಶಟರ್‌ನಲ್ಲಿ ಎರಡು ಕೆ.ಜಿ.ಯ ಲೆನ್ಸ್ ನಡುಗದಂತೆ ಹಿಡಿಯಬೇಕಲ್ಲ. ಕೊಳ್ಳುವ ಮೊದಲು ಎರಡು ಲೀಟರ್ ನೀರಿನ ಬಾಟಲಿಯನ್ನು ಕಣ್ಣೆತ್ತರಕ್ಕೆ ಎತ್ತಿ ಐದು ನಿಮಿಷ ಹಿಡಿದು ನೋಡಿ. ಆಗಲಿಲ್ಲ ಅಂದರೆ ಹಗುರದ 100-400 ತಗೊಳ್ಳಿ, ಮರ್ಯಾದೆಗೇನೂ ಕುಂದಿಲ್ಲ. ನನ್ನ ಹತ್ತಿರ ಈಗಿರುವುದೂ ಅದೇ, ಕ್ರಾಪ್ ಕ್ಯಾಮೆರಾ ಜೊತೆ.

ಅಭ್ಯಾಸಕ್ಕೆ ಹದ್ದು ಇದೆ, ಪುಕ್ಕಟೆ. ಒಂದೂವರೆ ಮೀಟರ್ ರೆಕ್ಕೆ ಹರವಿನ ಹದ್ದು 50 ಮೀಟರ್ ದೂರದಲ್ಲಿ ಕಾಣುವುದು 440 ಮೀಟರ್ ದೂರದ ತೇಜಸ್ ಕಂಡಷ್ಟೇ ಗಾತ್ರಕ್ಕೆ. ಬೇಕಾದರೆ ಭಾಗಿಸಿ ನೋಡಿ. ಕೋಳಿ ಅಂಗಡಿ ಪಕ್ಕದ ತಾರಸಿ ಹತ್ತಿದರೆ ಹತ್ತು ನಿಮಿಷದಲ್ಲಿ ನಾಲ್ಕಾದರೂ ಸಿಗುತ್ತವೆ. ಗಿರಕಿ ಹೊಡೆಯುವುದು, ದಿಢೀರನೆ ಕೆಳಗೆ ಧುಮುಕುವುದು, ಎಲ್ಲ ಇದೆ. ಆದರೆ ಇದನ್ನು ಡಿಸೆಂಬರ್‌ನಲ್ಲೇ ಶುರು ಮಾಡಿಕೊಳ್ಳಿ. 2023ರಲ್ಲಿ ಪಾಲಿಕೆಯವರು ಶೋಗೆ ಎರಡು ವಾರ ಮೊದಲೇ ವಾಯುನೆಲೆಯ ಸುತ್ತ 10 ಕಿ.ಮೀ.ವರೆಗೆ ಮಾಂಸದ ಅಂಗಡಿ ಮುಚ್ಚಿಸಿದ್ದರು, ಹದ್ದುಗಳು ಬಂದು ವಿಮಾನಕ್ಕೆ ಬಡಿಯಬಾರದು ಅಂತ. ಜನವರಿ ಕೊನೆಗೆ ಲೆನ್ಸ್ ತಂದು ಯಲಹಂಕದ ತಾರಸಿ ಹತ್ತಿದ್ದ ನನ್ನ ಗೆಳೆಯನಿಗೆ ಸಿಕ್ಕಿದ್ದು ಪಾರಿವಾಳ ಮಾತ್ರ.