ನರ್ಸ್‌ಗಳು ಬರುತ್ತಾರೆ, ಯಾಕೆ ಉಳಿಯುವುದಿಲ್ಲ?

ಆಸ್ಪತ್ರೆಯಲ್ಲಿ ಸಿಬ್ಬಂದಿ ಸಾಲುತ್ತಿಲ್ಲ ಎಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ನೇಮಕಾತಿಯ ಮಾತು. ಜಾಹೀರಾತು ಕೊಡಿ, ಸಂದರ್ಶನ ಕರೆಯಿರಿ, ಸೀಟು ಜಾಸ್ತಿ ಮಾಡಿ. ಸೇರಿದವರು ಒಂದೆರಡು ವರ್ಷದಲ್ಲೇ ಯಾಕೆ ಬಿಟ್ಟು ಹೋದರು ಎಂದು ಕೇಳುವವರು ಕಡಿಮೆ. ಈ ರೂಢಿ ನರ್ಸಿಂಗ್ ವೃತ್ತಿಯಷ್ಟೇ ಹಳೆಯದು.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ತರಬೇತಿ ಶಾಲೆ ಶುರುವಾಯಿತು. ರೋಗಿಯ ಆರೈಕೆಗೆ ತರಬೇತಿ ಬೇಕು ಎಂದು ಜಗತ್ತನ್ನು ಒಪ್ಪಿಸಿದ್ದು ಸಣ್ಣ ಸಾಧನೆಯಲ್ಲ. 1873ರಲ್ಲಿ ಅಮೆರಿಕದಲ್ಲೂ ಇದೇ ಮಾದರಿಯ ಶಾಲೆಗಳು ಬಂದವು. ಆದರೆ ಅಲ್ಲಿನ ಆಸ್ಪತ್ರೆಗಳಿಗೆ ಬಹುಬೇಗ ಒಂದು ಅನುಕೂಲ ಕಂಡಿತು. ವಿದ್ಯಾರ್ಥಿನಿಯರು ಕಲಿಯುತ್ತಲೇ ವಾರ್ಡಿನ ಕೆಲಸವನ್ನೆಲ್ಲ ಮಾಡುತ್ತಿದ್ದರು. ಊಟ, ವಸತಿ, ಸ್ವಲ್ಪ ಭತ್ಯೆ ಕೊಟ್ಟರೆ ಸಾಕಿತ್ತು. ಓದು ಮುಗಿದ ಮೇಲೆ ಹೆಚ್ಚಿನವರು ಮನೆಗಳಿಗೆ ಹೋಗಿ ಖಾಸಗಿಯಾಗಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದರು. ಮದುವೆಯಾದರೆ ಕೆಲಸ ಬಿಡಬೇಕು ಎನ್ನುವ ಕಟ್ಟುಪಾಡೂ ಹಲವು ಕಡೆ ಇತ್ತು. ಹೋಗುವವರನ್ನು ತಡೆಯುವ ಅಗತ್ಯ ಆಸ್ಪತ್ರೆಗಳಿಗೆ ಇರಲೇ ಇಲ್ಲ, ಮುಂದಿನ ಬ್ಯಾಚ್ ಹೇಗೂ ಬರುತ್ತಿತ್ತಲ್ಲ. ಜನ ಬದಲಾಗುತ್ತಲೇ ಇರುತ್ತಾರೆ ಎಂದು ಲೆಕ್ಕ ಹಾಕಿಯೇ ಈ ವ್ಯವಸ್ಥೆ ಬೆಳೆಯಿತು.

ಎರಡನೇ ಮಹಾಯುದ್ಧದಲ್ಲಿ ಕೊರತೆ ಬಿಗಡಾಯಿಸಿತು. 1943ರಲ್ಲಿ ಅಮೆರಿಕ ಸರ್ಕಾರ ಕೆಡೆಟ್ ನರ್ಸ್ ಕೋರ್ ಎಂಬ ಯೋಜನೆ ತಂದು, ಯುವತಿಯರಿಗೆ ಉಚಿತ ಶಿಕ್ಷಣ, ಸಮವಸ್ತ್ರ, ಭತ್ಯೆ ಕೊಟ್ಟಿತು. ಅದರಲ್ಲಿ ಲಕ್ಷಕ್ಕೂ ಹೆಚ್ಚು ಮಂದಿ ತರಬೇತಿ ಮುಗಿಸಿದರು. 1948ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದಾಗ ವಾರ್ಡ್ ತುಂಬಲು ಐರ್ಲೆಂಡ್, ಕೆರಿಬಿಯನ್ ದ್ವೀಪಗಳಿಂದ ಯುವತಿಯರನ್ನು ಕರೆಸಿದರು. ಅಮೆರಿಕ ಫಿಲಿಪೀನ್ಸ್ ಕಡೆ ನೋಡಿತು. ಹೊಸ ಬ್ಯಾಚ್ ಈಗ ಪಕ್ಕದ ಶಾಲೆಯಿಂದಲ್ಲ, ಸಮುದ್ರದಾಚೆಯಿಂದ ಬರತೊಡಗಿತು.

ಪ್ರಶ್ನೆಯನ್ನು ತಿರುಗಿಸಿ ಕೇಳಿದ್ದು 1980ರ ದಶಕದಲ್ಲಿ. ಆಗಲೂ ಅಮೆರಿಕದಲ್ಲಿ ನರ್ಸ್‌ಗಳ ಕೊರತೆ ಇತ್ತು. ಆದರೂ ಕೆಲವು ಆಸ್ಪತ್ರೆಗಳಲ್ಲಿ ಜನ ಬಿಟ್ಟು ಹೋಗುತ್ತಿರಲಿಲ್ಲ. ಯಾಕೆ? ಅಮೆರಿಕನ್ ಅಕಾಡೆಮಿ ಆಫ್ ನರ್ಸಿಂಗ್ 163 ಆಸ್ಪತ್ರೆಗಳನ್ನು ಪರಿಶೀಲಿಸಿ, ಅವುಗಳಲ್ಲಿ 41ನ್ನು ಆರಿಸಿ, 1983ರಲ್ಲಿ ವರದಿ ಕೊಟ್ಟಿತು. ಜನರನ್ನು ಸೆಳೆದು ಹಿಡಿದಿಟ್ಟುಕೊಳ್ಳುವ ಇವುಗಳಿಗೆ ಮ್ಯಾಗ್ನೆಟ್ ಆಸ್ಪತ್ರೆಗಳು ಎಂಬ ಹೆಸರು ಬಿತ್ತು.

ಅಲ್ಲಿ ಕಂಡದ್ದು ಪವಾಡವೇನಲ್ಲ. ಪಾಳಿಗೆ ಸಾಕಷ್ಟು ಜನರಿದ್ದರು. ರೋಗಿಯ ಆರೈಕೆಯ ವಿಷಯದಲ್ಲಿ ನರ್ಸ್ ಹೇಳಿದ ಮಾತಿಗೆ ಬೆಲೆ ಇತ್ತು. ಆಸ್ಪತ್ರೆಯ ದೊಡ್ಡ ನಿರ್ಧಾರಗಳಲ್ಲಿ ನರ್ಸಿಂಗ್ ಮುಖ್ಯಸ್ಥೆಯೂ ಕೂತಿರುತ್ತಿದ್ದರು. ವೈದ್ಯರು ಗೌರವದಿಂದ ಮಾತಾಡುತ್ತಿದ್ದರು. ಮುಂದೆ ಓದಲು ದಾರಿಯಿತ್ತು. ಸಂಬಳ ಮುಖ್ಯವಲ್ಲ ಎಂದು ಇದರರ್ಥವಲ್ಲ. ಸೇವಾಭಾವದ ಹೆಸರು ಹೇಳಿ ಕಡಿಮೆ ಸಂಬಳಕ್ಕೆ ದುಡಿಸುವುದನ್ನು ನಾನು ಅನ್ಯಾಯ ಎಂದೇ ತಿಳಿದಿದ್ದೇನೆ. ಆದರೆ ಸಂಬಳ ಮಾತ್ರ ಏರಿಸಿ ಉಳಿದದ್ದನ್ನು ಹಾಗೇ ಬಿಟ್ಟರೆ ಜನ ನಿಲ್ಲುವುದಿಲ್ಲ.

ಇದು ಬರೀ ಸಿಬ್ಬಂದಿಯ ನೆಮ್ಮದಿಯ ವಿಷಯವಲ್ಲ ಎಂದು 2002ರಲ್ಲಿ ಅಂಕಿಅಂಶ ಸಮೇತ ಗೊತ್ತಾಯಿತು. ಅಮೆರಿಕದ ನರ್ಸಿಂಗ್ ಸಂಶೋಧಕಿ ಲಿಂಡಾ ಐಕನ್ ಮತ್ತು ಜೊತೆಗಾರರು ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಅಧ್ಯಯನ ಮಾಡಿದರು. ಒಬ್ಬ ನರ್ಸ್ ನೋಡಿಕೊಳ್ಳುವ ರೋಗಿಗಳ ಸಂಖ್ಯೆ ಒಂದು ಹೆಚ್ಚಾದಂತೆಲ್ಲ, ಶಸ್ತ್ರಚಿಕಿತ್ಸೆಯಾದ ರೋಗಿ 30 ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು ಹೆಚ್ಚಿತ್ತು. ನರ್ಸ್‌ಗಳು ದಣಿದು ಬಸವಳಿಯುವ ಸಂಭವ ಶೇ. 23ರಷ್ಟು ಹೆಚ್ಚಿತ್ತು. ರೋಗಿಗೆ ಅಪಾಯ ತರುವ ಕಾರಣವೇ ನರ್ಸ್‌ಗಳನ್ನೂ ಕೆಲಸದಿಂದ ಆಚೆ ತಳ್ಳುತ್ತಿತ್ತು. ಕ್ಯಾಲಿಫೋರ್ನಿಯಾ ಇದಕ್ಕೂ ಮೊದಲೇ, 1999ರಲ್ಲಿ, ಒಬ್ಬ ನರ್ಸ್‌ಗೆ ಗರಿಷ್ಠ ಎಷ್ಟು ರೋಗಿಗಳು ಎಂದು ಮಿತಿ ಹಾಕಲು ಕಾನೂನು ಮಾಡಿತ್ತು. 2004ರಲ್ಲಿ ಅದು ಜಾರಿಗೆ ಬಂತು.

ಒಬ್ಬರು ರಾಜೀನಾಮೆ ಕೊಟ್ಟಾಗ ಏನಾಗುತ್ತದೆ ನೋಡಿ. ಅವರ ರೋಗಿಗಳು ಉಳಿದವರ ಪಾಲಿಗೆ ಬರುತ್ತಾರೆ. ವಾರದ ರಜೆ ರದ್ದಾಗುತ್ತದೆ, ನೈಟ್ ಡ್ಯೂಟಿ ಹೆಚ್ಚುತ್ತದೆ. ಹೊಸಬರಿಗೆ ಕೈಹಿಡಿದು ಕಲಿಸಬೇಕಾದ ಹಿರಿಯರಿಗೆ ಬಿಡುವೇ ಇರುವುದಿಲ್ಲ. ಕಲಿಯುವ ಮೊದಲೇ ರಾತ್ರಿ ಪಾಳಿಯ ಹೊಣೆ ತಲೆಮೇಲೆ ಬಿದ್ದ ಹೊಸಬರು ಹೆದರಿ ಕೆಲಸ ಬಿಡುತ್ತಾರೆ. ಆಗ ಏಜೆನ್ಸಿಯಿಂದ ತಾತ್ಕಾಲಿಕ ನರ್ಸ್‌ಗಳನ್ನು ಹೆಚ್ಚು ದುಡ್ಡು ಕೊಟ್ಟು ಕರೆಸುತ್ತಾರೆ. ಅದೇ ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದವರಿಗೆ ಅದನ್ನು ನೋಡಿ ಹೊಟ್ಟೆ ಉರಿಯದೆ ಇರುತ್ತದಾ? ಅವರೂ ಬಿಡುತ್ತಾರೆ. ಕೋವಿಡ್ ಕಾಲದಲ್ಲಿ ಇದೇ ಸರಣಿ ದೇಶದಿಂದ ದೇಶಕ್ಕೆ ಕಂಡಿತು. ಅದೂ ಎಂಥ ನಷ್ಟದ ನಡುವೆ! 2020ರ ಜನವರಿಯಿಂದ 2021ರ ಮೇ ತನಕ ಸುಮಾರು 1,15,000 ಆರೋಗ್ಯ ಸಿಬ್ಬಂದಿ ಕೋವಿಡ್‌ನಿಂದ ತೀರಿಕೊಂಡಿರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ವಿದೇಶಿ ನೇಮಕಾತಿಯ ಹೊಡೆತವೂ ಸಣ್ಣದಲ್ಲ. 57 ದೇಶಗಳಲ್ಲಿ ಆರೋಗ್ಯ ಸಿಬ್ಬಂದಿಯ ತೀವ್ರ ಕೊರತೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೇಳಿತು. ಅಂಥ ದೇಶಗಳಿಂದ ಮುಂದಾಗಿ ಜನರನ್ನು ಸೆಳೆಯಬಾರದು ಎಂಬ ಅದೇ ಸಂಸ್ಥೆಯ ನೀತಿಸಂಹಿತೆ 2010ರಲ್ಲಿ ಬಂತು. ಆದರೆ ಅದನ್ನು ಪಾಲಿಸಲೇಬೇಕು ಎಂಬ ಕಡ್ಡಾಯವಿಲ್ಲ. ಒಳ್ಳೆಯ ಬದುಕು ಹುಡುಕಿ ಹೋಗುವ ನರ್ಸ್‌ನದ್ದು ಏನೂ ತಪ್ಪಿಲ್ಲ. ತನ್ನಲ್ಲಿರುವವರನ್ನು ಉಳಿಸಿಕೊಳ್ಳದೆ ಬಡ ದೇಶ ಖರ್ಚು ಮಾಡಿ ತಯಾರು ಮಾಡಿದವರನ್ನು ಕರೆದೊಯ್ಯುವ ಶ್ರೀಮಂತ ದೇಶವನ್ನು ಕೇಳಬೇಕು, ಅಲ್ವಾ?

2023ರ ಲೆಕ್ಕದಲ್ಲಿ ಜಗತ್ತಿನಲ್ಲಿ ಸುಮಾರು 2.98 ಕೋಟಿ ನರ್ಸ್‌ಗಳಿದ್ದರು. ಇನ್ನೂ 58 ಲಕ್ಷ ಮಂದಿ ಬೇಕಿತ್ತು. ಇರುವವರನ್ನು ಉಳಿಸಿಕೊಳ್ಳಲು ಈಗ ಕೆಲವು ಆಸ್ಪತ್ರೆಗಳು ಹೊಸಬರಿಗೆ ಮೊದಲ ವರ್ಷವಿಡೀ ಹಿರಿಯರ ಜೊತೆಯಲ್ಲೇ ಕಲಿಯುವ ವ್ಯವಸ್ಥೆ ಮಾಡಿವೆ. ಇನ್ನು ಕೆಲವು ಕಡೆ ಪಾಳಿಪಟ್ಟಿಯನ್ನು ನರ್ಸ್‌ಗಳೇ ಕೂತು ಹಾಕಿಕೊಳ್ಳುತ್ತಾರೆ. ನೆದರ್ಲೆಂಡ್ಸ್‌ನಲ್ಲಿ 2006ರಲ್ಲಿ ಶುರುವಾದ ಬ್ಯೂರ್ಟ್‌ಜೋರ್ಗ್ ಮನೆ ಆರೈಕೆ ಸಂಸ್ಥೆ ಇನ್ನೂ ಮುಂದೆ ಹೋಗಿದೆ. ಅಲ್ಲಿ ಹೆಚ್ಚೆಂದರೆ 12 ಮಂದಿಯ ತಂಡಗಳಿವೆ. ಯಾರನ್ನು ಸೇರಿಸಿಕೊಳ್ಳಬೇಕು, ಯಾರು ಯಾವ ರೋಗಿಯನ್ನು ನೋಡಬೇಕು, ಯಾರಿಗೆ ಯಾವಾಗ ರಜೆ ಎಂಬುದನ್ನೆಲ್ಲ ಆ ತಂಡದವರೇ ತೀರ್ಮಾನಿಸುತ್ತಾರೆ.