ದೊಡ್ಡಪ್ಪನ ಜವಳಿ ಅಂಗಡಿ ಕವರ್

ನಮ್ಮ ದೊಡ್ಡಪ್ಪ ಜಗಳೂರಿನಿಂದ ದಾವಣಗೆರೆಗೆ ಡಾಕ್ಟರ್ ಹತ್ತಿರ ಬರುವಾಗ ಕೈಯಲ್ಲಿ ಜವಳಿ ಅಂಗಡಿಯದೊಂದು ಕವರ್ ಇದ್ದೇ ಇರುತ್ತದೆ. ಒಳಗೆ ಏಳೆಂಟು ವರ್ಷದ ಚೀಟಿ, ಲ್ಯಾಬ್ ರಿಪೋರ್ಟು, ಮಡಚಿ ಮಡಚಿ ಹರಿದ ಡಿಸ್ಚಾರ್ಜ್ ಸಮ್ಮರಿ. ಒಂದು ಇಸಿಜಿನೂ ಇತ್ತು, ಈಗದು ಹೆಚ್ಚುಕಮ್ಮಿ ಬಿಳಿ ಹಾಳೆ. ಥರ್ಮಲ್ ಕಾಗದ ಅಲ್ವಾ, ಬಸ್ ಟಿಕೆಟ್ ಥರ ಮಾಸಿಹೋಗಿದೆ.

ಕಳೆದ ಸಲ ಡಾಕ್ಟರ್ ಕವರ್ ಬಿಚ್ಚಿ, ಮೂರು ವರ್ಷದ ಮೂರು ಕ್ರಿಯಾಟಿನಿನ್ ರಿಪೋರ್ಟ್ ಹುಡುಕಿ ಟೇಬಲ್ ಮೇಲೆ ಸಾಲಾಗಿ ಇಟ್ಟರು. 0.8, 1.0, 1.3. ಮೂರೂ ಬೇರೆ ಬೇರೆ ಲ್ಯಾಬು, ಮೂರರಲ್ಲೂ ನಾರ್ಮಲ್ ಅಂತಲೇ ಇತ್ತು.

"ಯಜಮಾನ್ರೇ, ಇವನ್ನ ಯಾರೂ ಒಟ್ಟಿಗೆ ನೋಡೇ ಇಲ್ವಲ್ರೀ."

ಕ್ರಿಯಾಟಿನಿನ್ ಅಂದರೆ ನಮ್ಮ ಸ್ನಾಯುಗಳಿಂದ ಬರುವ ಕಸ. ಕಿಡ್ನಿ ಅದನ್ನು ಸೋಸಿ ಹೊರಗೆ ಹಾಕುತ್ತದೆ. ಸೋಸುವ ಶಕ್ತಿ ಅರ್ಧಕ್ಕೆ ಇಳಿದರೆ ರಕ್ತದಲ್ಲಿ ಅದು ಸುಮಾರು ಎರಡರಷ್ಟಾಗುತ್ತದೆ. ಹಾಗಾಗಿ 0.8 ಇದ್ದದ್ದು 1.3 ಆಗಿ ಅಲ್ಲೇ ನಿಂತಿದೆ ಅಂದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಶಕ್ತಿ ಹೋಗಿದೆ ಅಂತ ಲೆಕ್ಕ. ಒಂದೊಂದೇ ಹಾಳೆ ನೋಡಿದರೆ ಇದು ಗೊತ್ತೇ ಆಗುವುದಿಲ್ಲ. ಕಂಪ್ಯೂಟರ್‌ನಲ್ಲಿದ್ದಿದ್ದರೆ ಮೂರು ಚುಕ್ಕೆ, ಮೇಲಕ್ಕೆ ಹೋಗುವ ಒಂದು ಗೆರೆ, ಅಷ್ಟೇ.

ದೊಡ್ಡ ಆಸ್ಪತ್ರೆಗಳಲ್ಲಿ ಕಂಪ್ಯೂಟರ್ ಇದೆ. ಅಲ್ಲಿಗೆ ರೋಗಿಗಳನ್ನು ಕಳಿಸುವ ಸಣ್ಣ ಕ್ಲಿನಿಕ್‌ನಲ್ಲಿ ಇಲ್ಲ. ದುಡ್ಡೊಂದೇ ಕಾರಣ ಅಂದುಕೊಳ್ಳಬೇಡಿ. ಸಂಜೆ ಹೊರಗೆ ಬೆಂಚು ತುಂಬಿರುವಾಗ, ಡಾಕ್ಟರ್ ಒಬ್ಬರೇ, ಕಾಂಪೌಂಡರ್ ಒಬ್ಬರೇ ಇರುವಾಗ, ಟೈಪ್ ಮಾಡುತ್ತಾ ಕೂರೋರು ಯಾರು? ಆಸ್ಪತ್ರೆ ಕೈಜೋಡಿಸಬೇಕಾದದ್ದು ಇಲ್ಲೇ. ರೋಗಿಗಳ ದಾಖಲೆ ಇಡುವ ಸಾಫ್ಟ್‌ವೇರ್ ಕೊಟ್ಟು ಕೈತೊಳೆದುಕೊಂಡರೆ ಸಾಲದು. ಕಾಂಪೌಂಡರ್‌ಗೆ ಕಲಿಸಬೇಕು, ಕೆಟ್ಟರೆ ಬಂದು ನೋಡಬೇಕು, ಆಸ್ಪತ್ರೆ ಲ್ಯಾಬಿನ ರಿಪೋರ್ಟು ತಾನಾಗೇ ಕ್ಲಿನಿಕ್‌ಗೆ ಬಂದು ಬೀಳಬೇಕು. ಟೈಪ್ ಮಾಡುವ ಕೆಲಸ ಕಮ್ಮಿ ಆದರೆ ಡಾಕ್ಟರ್ ತಾವೇ ಬಳಸುತ್ತಾರೆ.

ಆದರೆ ಪುಕ್ಕಟೆ ಕೊಟ್ಟವರಿಗೆ ಋಣ ತೀರಿಸಬೇಕಲ್ಲ! ನನಗೆ ಅನುಮಾನ ಬರೋದು ಅಲ್ಲೇ. ರೋಗಿಗಳನ್ನು ಕಳಿಸಿಕೊಡುವ ಡಾಕ್ಟರಿಗೆ ಆಸ್ಪತ್ರೆ ಉಡುಗೊರೆ ಕೊಡುವುದಕ್ಕೆ ಅಮೆರಿಕದಲ್ಲಿ ಕಾನೂನಿನ ತಡೆ ಇದೆ. 2006ರಲ್ಲಿ ಅಲ್ಲಿನ ಸರ್ಕಾರ ಇಂಥ ದಾಖಲೆ ಸಾಫ್ಟ್‌ವೇರ್‌ಗೆ ವಿನಾಯಿತಿ ಕೊಟ್ಟಿತು, ಷರತ್ತು ಹಾಕಿಯೇ. ಸಾಫ್ಟ್‌ವೇರ್, ತರಬೇತಿ ಕೊಡಬಹುದು, ಕಂಪ್ಯೂಟರ್ ಕೊಡುವಂತಿಲ್ಲ. ಖರ್ಚಿನ 15 ಶೇಕಡ ಡಾಕ್ಟರೇ ಹಾಕಬೇಕು. ಎಷ್ಟು ರೋಗಿಗಳನ್ನು ಕಳಿಸಿದಿರಿ ಅಂತ ಲೆಕ್ಕ ಹಾಕಿ ಕೊಡುವಂತಿಲ್ಲ. ಬೇರೆಯವರ ಸಾಫ್ಟ್‌ವೇರ್ ಜೊತೆಗೂ ಅದು ಮಾಹಿತಿ ಹಂಚಿಕೊಳ್ಳುವಂತಿರಬೇಕು. ಈ ಕೊನೆಯದೇ ಮುಖ್ಯ ಅಂತ ನನಗನ್ನಿಸುತ್ತದೆ. ಇಲ್ಲದಿದ್ದರೆ ಡಾಕ್ಟರ್ ಆ ಆಸ್ಪತ್ರೆಯ ಗೂಟಕ್ಕೆ ಕಟ್ಟಿದ ಎತ್ತು.

ಕಂಪ್ಯೂಟರ್‌ಗಳು ಮಾತಾಡಿಕೊಳ್ಳೋದೂ ಸುಮ್ನೆ ಆಗೋದಲ್ಲ. ಒಂದು ಲ್ಯಾಬ್ ಎಫ್‌ಬಿಎಸ್ ಅಂತ ಬರೆಯುತ್ತದೆ, ಇನ್ನೊಂದು ಗ್ಲೂಕೋಸ್ ಫಾಸ್ಟಿಂಗ್ ಅನ್ನುತ್ತದೆ. ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆಯೇ ಎರಡೂ, ಆದರೆ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಅದಕ್ಕೇ ಲಾಯಿಂಕ್ ಅನ್ನೋ ಸಂಕೇತಗಳ ಪಟ್ಟಿಯಲ್ಲಿ ಈ ಪರೀಕ್ಷೆಗೆ 1558-6 ಅಂತ ನಂಬರ್ ಇದೆ. ನಮ್ಮ ಕೇಂದ್ರ ಸರ್ಕಾರ 2013ರಲ್ಲಿ ಹೊರಡಿಸಿ 2016ರಲ್ಲಿ ಪರಿಷ್ಕರಿಸಿದ ಆರೋಗ್ಯ ದಾಖಲೆಗಳ ಮಾನದಂಡದಲ್ಲೂ ಲಾಯಿಂಕ್ ಇದೆ.

2021ರ ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಲ್ಲಿ ಮಾಡಿಸಿಕೊಂಡ ಒಬ್ಬೊಬ್ಬರಿಗೂ ಆಭಾ ಅನ್ನೋ 14 ಅಂಕಿಯ ಆರೋಗ್ಯ ಖಾತೆ ನಂಬರ್ ಸಿಗುತ್ತದೆ. ದಾಖಲೆಗಳು ಎಲ್ಲಿ ತಯಾರಾದವೋ ಅಲ್ಲೇ ಇರುತ್ತವೆ, ರೋಗಿ ಮೊಬೈಲಿನಲ್ಲಿ ಒಪ್ಪಿದರೆ ಇನ್ನೊಬ್ಬ ಡಾಕ್ಟರ್ ನೋಡಬಹುದು. ಆದರೆ ಕ್ಲಿನಿಕ್ ಬರೀ ಕಾಗದದಲ್ಲೇ ಬರೆದರೆ ಆ ನಂಬರಿಗೆ ಜೋಡಿಸೋಕೆ ಏನಿರುತ್ತದೆ?

ದೊಡ್ಡಪ್ಪನಿಗೂ ಆಭಾ ಕಾರ್ಡ್ ಮಾಡಿಸಿದೆ. ಅದಕ್ಕೆ ಲ್ಯಾಮಿನೇಷನ್ ಹಾಕಿಸಿಕೊಂಡು ಬಂದು, ಅದೇ ಕವರ್‌ನಲ್ಲಿ ಇಟ್ಟುಕೊಂಡಿದ್ದಾರೆ.