ಸೌರ ಘಟಕಕ್ಕೆ ಜಾಗ: ಗುತ್ತಿಗೆಗೆ ಮೊದಲೇ ಅಹವಾಲು ಕೇಳಬೇಕು

ಶರಾವತಿ ಕಣಿವೆಯ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿಟ್ಟು, ಬೇಕಾದಾಗ ಕೆಳಗೆ ಹರಿಸಿ ವಿದ್ಯುತ್ ಉತ್ಪಾದಿಸುವ) ಯೋಜನೆಗೆ ಪರಿಸರ ಪರಿಣಾಮದ ಅಧ್ಯಯನವೂ ಸಾರ್ವಜನಿಕ ಅಹವಾಲು ಸಭೆಯೂ ಕಡ್ಡಾಯ. ಆದರೆ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸೌರ ಪಾರ್ಕಿಗೆ ಇವೆರಡೂ ಬೇಕಾಗಲಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಸೌರ ಘಟಕಗಳೇ ಇಲ್ಲ. ವಿದ್ಯುತ್ ಉತ್ಪಾದನೆಗೆ ಪರವಾನಗಿ ಬೇಕೆಂಬ ನಿಯಮವನ್ನು 2003ರ ವಿದ್ಯುತ್ ಕಾಯ್ದೆ ಅದಕ್ಕೂ ಮೊದಲೇ ತೆಗೆದುಹಾಕಿತ್ತು. ಹೀಗಾಗಿ ಭೂಮಿಯ ಕಡತ ಕಂದಾಯ ಇಲಾಖೆಯಲ್ಲಿ, ಸಬ್‌ಸ್ಟೇಷನ್ನಿನ ಕಡತ ಪ್ರಸರಣ ನಿಗಮದಲ್ಲಿ ಓಡಾಡುತ್ತವೆಯೇ ಹೊರತು, ಈ ಜಾಗ ಸರಿಯೇ ಎಂದು ಒಟ್ಟಾಗಿ ನೋಡುವವರು ಯಾರೂ ಇಲ್ಲ.

ಪಾವಗಡದಲ್ಲಿ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದದ್ದು ಒಳ್ಳೆಯ ಕ್ರಮವೆಂದೇ ನಾನು ಭಾವಿಸುತ್ತೇನೆ. ಆದರೆ ಗುತ್ತಿಗೆ ಹಣ ಪಹಣಿಯಲ್ಲಿ ಹೆಸರಿದ್ದವರ ಕೈ ಸೇರುತ್ತದೆ. ಅದೇ ಹೊಲದಲ್ಲಿ ಕಳೆ ಕಿತ್ತು, ಶೇಂಗಾ ಬಿಡಿಸಿ ಬದುಕುತ್ತಿದ್ದ ಭೂರಹಿತರ ಹೆಸರಿಗೆ ಪಹಣಿಯಲ್ಲಿ ಕಾಲಂ ಇಲ್ಲ.

ಜಾಗದ ಸಮೀಕ್ಷೆಯೇ ನನ್ನ ಕೆಲಸ. ಚಿತ್ರದುರ್ಗ ಜಿಲ್ಲೆಯ ಒಂದು ಊರಿನಲ್ಲಿ ನಕ್ಷೆ ‘ಬೀಳು’ ಎಂದು ತೋರಿಸಿದ್ದ ಕಡೆ ಹೋದಾಗ ನೆಲದ ತುಂಬ ಕುರಿ ಹಿಕ್ಕೆ, ಹುಲ್ಲಿನ ನಡುವೆ ಸವೆದ ಕಾಲುದಾರಿ. ಕುರಿ ಕಾಯುತ್ತಿದ್ದ ಅಜ್ಜ, “ಇದು ಬೀಳಲ್ಲಪ್ಪಾ, ನಮ್ಮ ಕುರಿ ಮೇಯೋ ಜಾಗ. ಆ ಹಳ್ಳ ಮುಚ್ಚಿದ್ರೆ ನಮ್ಮ ಕೆರೆಗೆ ನೀರು ಎಲ್ಲಿಂದ ಬರ್ತದೆ?” ಎಂದರು. ನಕ್ಷೆಯಲ್ಲಿ ನೆಲದ ಎತ್ತರ ತೋರಿಸುವ ಸಮೋನ್ನತಿ ರೇಖೆಗಳನ್ನು ಮತ್ತೆ ಓದಿ ನೋಡಿದರೆ ಅವರ ಮಾತೇ ನಿಜವಾಗಿತ್ತು. ಆ ಹೊತ್ತಿಗೆ ಗುತ್ತಿಗೆ ಪತ್ರಗಳಿಗೆ ಸಹಿಯಾಗಿತ್ತು.

ಆದ್ದರಿಂದ ದೊಡ್ಡ ಘಟಕಗಳಿಗೆ ಜಾಗ ಒಪ್ಪುವ ಒಂದೇ ರಾಜ್ಯ ಪ್ರಾಧಿಕಾರ ಬೇಕು. ಗೋಮಾಳ, ಕೆರೆಗಳ ಜಲಾನಯನ, ಸಿರಗುಪ್ಪದ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಬಯಲಿನಂಥ ನೆಲೆಗಳನ್ನು ಅದು ಮೊದಲೇ ಗುರುತಿಸಿಡಬೇಕು. ಗುತ್ತಿಗೆಗೆ ಮುನ್ನ ಗ್ರಾಮಸಭೆಯಲ್ಲಿ ಭೂರಹಿತರನ್ನೂ ಸೇರಿಸಿ ಅಹವಾಲು ಕೇಳಬೇಕು. ಇದರಿಂದ ವಿಳಂಬವಾಗುತ್ತದೆಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಕಲ್ಲಿದ್ದಲಿನಿಂದ ಬೇಗ ಹೊರಬರಲೇಬೇಕು. ನ್ಯೂಯಾರ್ಕ್ ರಾಜ್ಯವು 2020ರಲ್ಲಿ ಇಂಥದ್ದೇ ಕಚೇರಿ ತೆರೆದು, ಅರ್ಜಿ ಪೂರ್ಣಗೊಂಡ ಒಂದು ವರ್ಷದೊಳಗೆ ತೀರ್ಮಾನವಾಗಬೇಕೆಂದು ಗಡುವು ವಿಧಿಸಿತು. ಸ್ಥಳೀಯರು ತಜ್ಞರ ನೆರವು ಪಡೆದು ವಾದ ಮಂಡಿಸಲು ನಿಧಿಯನ್ನೂ ಇಟ್ಟಿತು.

ಆ ಊರಿನಲ್ಲಿ ಬೇಲಿಯನ್ನು ಒಳಗೆ ಸರಿಸಿ ಕುರಿಗಳಿಗೆ ದಾರಿ ಬಿಡಿಸಲು ಸಾಧ್ಯವಾಯಿತು. ಹಳ್ಳವನ್ನು ಉಳಿಸಲಾಗಲಿಲ್ಲ.